ಎಡಿಟರ್ ಮುಚ್ಚುವ ಮುನ್ನ ಒಂದು ಪ್ರಶ್ನೆ

ಕಂಪ್ಯೂಟರ್ ಹಟ ಮಾಡಿದರೆ ‘ಒಮ್ಮೆ ಆಫ್ ಮಾಡಿ ಆನ್ ಮಾಡು’ ಎನ್ನುವುದೇ ನಮ್ಮ ಕಾಲೇಜು ಲ್ಯಾಬ್‌ಗಳ ಮನೆಮದ್ದು. ಬಹಳ ಸಲ ಕೆಲಸವೂ ಮಾಡುತ್ತದೆ, ಬಿಡಿ. ಆದರೆ ಕೋಡ್ ಬರೆಯುವ ಎಡಿಟರ್‌ಗೂ ಇದೇ ಮದ್ದು ಹಾಕುತ್ತ ಹೋದರೆ ನಾವು ಕಲಿಯಬೇಕಾದ್ದು ತಪ್ಪಿಹೋಗುತ್ತದೆ ಎಂಬುದು ನನ್ನ ವಾದ.

ನಾನು ಬಳಸುವುದು ಈಮ್ಯಾಕ್ಸ್. 1985ರಿಂದ ಇರುವ ಜಿಎನ್‌ಯು ಈಮ್ಯಾಕ್ಸ್ ಅನ್ನು ಗೆಳೆಯರು ‘ಅಜ್ಜನ ಎಡಿಟರ್’ ಎನ್ನುತ್ತಾರೆ. ಒಂದು ಪ್ರಾಜೆಕ್ಟ್‌ಗೆ ನಾಲ್ಕು ಸ್ಪೇಸ್, ಇನ್ನೊಂದಕ್ಕೆ ಟ್ಯಾಬ್ ಬೇಕಿದ್ದರೆ ಆಯಾ ಫೋಲ್ಡರ್‌ನಲ್ಲಿ ‘ಡಾಟ್ ಡಿರ್-ಲೋಕಲ್ಸ್ ಡಾಟ್ ಇಎಲ್’ ಎಂಬ ಪುಟ್ಟ ಫೈಲ್ ಇಟ್ಟರಾಯಿತು. ಇದರಲ್ಲೊಂದು ಗುಟ್ಟಿದೆ. ಈಮ್ಯಾಕ್ಸ್ ಆ ಫೈಲನ್ನು ಓದುವುದು ನೀವು ಕೋಡ್ ಫೈಲ್ ತೆರೆಯುವಾಗ. ಮೊದಲೇ ತೆರೆದಿಟ್ಟ ಫೈಲ್‌ಗಳಿಗೆ ಹೊಸ ಸೆಟ್ಟಿಂಗ್‌ನ ಸುಳಿವೇ ಇರುವುದಿಲ್ಲ. ‘ಸೇವ್ ಮಾಡಿದೆ, ಏನೂ ಆಗಲಿಲ್ಲ’ ಎಂದು ಹಲವರು ಇಡೀ ಎಡಿಟರನ್ನೇ ಮುಚ್ಚಿಬಿಡುತ್ತಾರೆ. ಅದರೊಂದಿಗೆ ಅನ್‌ಡು ಇತಿಹಾಸವೂ ಹೋಯಿತು, ಒಳಗೆ ಓಡುತ್ತಿದ್ದ ಪೈಥಾನ್‌ಗೆ ತುಂಬಿಸಿದ್ದ ಡೇಟಾವೂ ಹೋಯಿತು.

ಬೇಕಿದ್ದದ್ದು ಇಷ್ಟೇ: ಆ ಕೋಡ್ ಫೈಲ್‌ನಲ್ಲಿ ನಿಂತು ಆಲ್ಟ್ ಜೊತೆ ಎಕ್ಸ್ ಒತ್ತಿ, ‘ನಾರ್ಮಲ್-ಮೋಡ್’ ಎಂದು ಟೈಪಿಸಿ ಎಂಟರ್ ಒತ್ತುವುದು. ಸೆಟ್ಟಿಂಗ್‌ಗಳನ್ನು ಅದು ಹೊಸದಾಗಿ ಓದುತ್ತದೆ. ಆ ಫೈಲ್‌ಗೆಂದು ನೀವು ಕೈಯಾರೆ ಮಾಡಿಕೊಂಡ ಬದಲಾವಣೆ ಅಳಿಸಿಹೋಗಬಹುದು, ಅಷ್ಟು ನೆನಪಿರಲಿ. ವಿಎಸ್ ಕೋಡ್ ಬಳಸುವವರಿಗೆ ಇಷ್ಟು ತಾಪತ್ರಯವಿಲ್ಲ. ಪ್ರಾಜೆಕ್ಟ್ ಸೆಟ್ಟಿಂಗ್‌ಗಳಲ್ಲಿ ಹೆಚ್ಚಿನವು ಸೇವ್ ಮಾಡುತ್ತಲೇ ಜಾರಿಯಾಗುತ್ತವೆ, ಉಳಿದವಕ್ಕೆ ‘ರೀಲೋಡ್ ವಿಂಡೋ’ ಇದೆ.

ಇದೆಲ್ಲ ಚಿಲ್ಲರೆ ವಿಷಯ ಎನ್ನಿಸಬಹುದು. ಕೆಲಸಕ್ಕೆ ಸೇರಿದ ಮೇಲೆ ಹಾಗನ್ನಿಸದು. ತಂಡಗಳಲ್ಲಿ ಈ ಸೆಟ್ಟಿಂಗ್ ಫೈಲ್ ಕೋಡ್ ಜೊತೆಗೇ ಗಿಟ್‌ನಲ್ಲಿರುವುದುಂಟು. ಸಹೋದ್ಯೋಗಿ ಅದನ್ನು ಬದಲಿಸಿದರು, ನೀವು ಪುಲ್ ಮಾಡಿದಿರಿ, ತೆರೆದಿದ್ದ ಫೈಲ್ ಮಾತ್ರ ಹಳೇ ಲೆಕ್ಕದಲ್ಲೇ ಉಳಿಯಿತು. ನೀವು ಹೊಸದಾಗಿ ಬರೆದ ಸಾಲುಗಳಿಗೆಲ್ಲ ಟ್ಯಾಬ್, ಸುತ್ತಲಿನವಕ್ಕೆ ಸ್ಪೇಸ್! ರಿವ್ಯೂ ಮಾಡುವವರಿಗೆ ಕಾಣುವುದು ನಿಮ್ಮ ಜಾಣ್ಮೆಯಲ್ಲ, ಆ ಕಲಸುಮೇಲೋಗರ. ರೀಸ್ಟಾರ್ಟ್ ಮಾಡಿದರೆ ಸರಿಹೋದೀತು; ಯಾಕೆ ಸರಿಹೋಯಿತೆಂದು ಯಾರಾದರೂ ಕೇಳಿದರೆ?

ಹಾಗಾಗಿ ‘ಈ ಸೆಟ್ಟಿಂಗ್ ಯಾವಾಗ ಓದಲಾಗುತ್ತದೆ?’ ಎಂಬ ಪ್ರಶ್ನೆಯನ್ನೇ ನಾನು ಮೊದಲು ಕೇಳಿಕೊಳ್ಳುವುದು. ಬ್ಯಾಶ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಪಾತ್ ಬದಲಿಸಿದರೂ ತೆರೆದಿರುವ ಟರ್ಮಿನಲ್‌ಗೆ ಅದು ಗೊತ್ತಾಗದಿರುವುದೂ ಇದೇ ಕಾರಣಕ್ಕೆ. ಅಲ್ಲಿ ‘ಸೋರ್ಸ್’ ಕಮಾಂಡ್ ಸಾಕು, ಕಂಪ್ಯೂಟರನ್ನೇ ಆರಿಸಬೇಕಿಲ್ಲ.

ಇನ್ನೊಂದು ಮಾತು. ಬೇರೆಯವರ ಪ್ರಾಜೆಕ್ಟ್ ತೆರೆದಾಗ ‘ಈ ಸೆಟ್ಟಿಂಗ್ ಸುರಕ್ಷಿತವಲ್ಲದಿರಬಹುದು, ಜಾರಿ ಮಾಡಲೇ?’ ಎಂದು ಈಮ್ಯಾಕ್ಸ್ ಕೇಳುವುದುಂಟು. ಆ ಫೈಲ್ ಮೂಲಕ ನಿಮ್ಮ ಯಂತ್ರದಲ್ಲಿ ಕೋಡ್ ಓಡಿಸುವುದೂ ಸಾಧ್ಯ. ಕಣ್ಣುಮುಚ್ಚಿ ‘ವೈ’ ಒತ್ತುವವರನ್ನು ಕಂಡರೆ ನನಗೆ ಭಯ. ಸಾಮಾನ್ಯವಾಗಿ ಕೆಲವೇ ಸಾಲು ಇರುತ್ತದೆ, ಓದಿ ನೋಡಿ.