ಮೊದಲು ಯಂತ್ರವನ್ನೇ ಕೇಳೋಣ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹಳ್ಳಿಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಲಿನಕ್ಸಿನ ಕಪ್ಪು ತೆರೆಯನ್ನು ಕಂಡೊಡನೆ ಅಳುಕುವುದನ್ನು ನಾವು ನೋಡಿದ್ದೇವೆ. ಅಲ್ಲಿ ಚಿತ್ರಗಳಿಲ್ಲ, ಒತ್ತಲು ಗುಂಡಿಗಳಿಲ್ಲ. ಮಿನುಗುವ ಗೆರೆಯೊಂದು ಮಾತ್ರ ನಮ್ಮ ಆಜ್ಞೆಗಾಗಿ ಕಾದಿರುತ್ತದೆ. ಏನೂ ತೋಚದೆ ವಿದ್ಯಾರ್ಥಿಯು ಪಕ್ಕದವನನ್ನು ಕೇಳುತ್ತಾನೆ. ಅವನು ಹೇಳಿದುದನ್ನು ಅರ್ಥವರಿಯದೆ ಟೈಪು ಮಾಡುತ್ತಾನೆ. ಈ ಅಭ್ಯಾಸವು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲವೆಂದು ನಮ್ಮ ಅಭಿಪ್ರಾಯ.

ಒಮ್ಮೆ ವಿದ್ಯಾರ್ಥಿಯೊಬ್ಬನು ಸರಳ ಲೋಲಕದ ಪ್ರಯೋಗದಲ್ಲಿ ಒಂದು ವಾರ ದುಡಿದು ಪಡೆದ ಅಳತೆಗಳನ್ನು ಕಡತಗಳಲ್ಲಿ ಶೇಖರಿಸಿದ್ದನು. ಬೇಡವಾದ ಒಂದೆರಡನ್ನು ತೆಗೆಯಲೆಂದು, ಗೆಳೆಯನು ಹೇಳಿಕೊಟ್ಟಂತೆ, ಆರ್, ಎಂ ಎಂಬ ಎರಡಕ್ಷರದ ಆಜ್ಞೆಯ ಮುಂದೆ ನಕ್ಷತ್ರಚಿಹ್ನೆಯನ್ನಿಟ್ಟನು. ಯಂತ್ರವು ಚಕಾರವೆತ್ತಲಿಲ್ಲ, ಅಳತೆಗಳೆಲ್ಲ ಅಳಿಸಿಹೋದವು. ಈ ಆಜ್ಞೆಯು ಅಳಿಸಿದುದನ್ನು ಕಸದ ಬುಟ್ಟಿಯಲ್ಲಿ ತೆಗೆದಿರಿಸುವುದಿಲ್ಲ. ಅದರೊಡನೆ ಒಂದು ಅಡ್ಡಗೆರೆಯನ್ನೂ 'ಐ' ಅಕ್ಷರವನ್ನೂ ಸೇರಿಸಿದ್ದರೆ, ಪ್ರತಿಯೊಂದು ಕಡತವನ್ನು ಅಳಿಸುವ ಮುನ್ನ ಯಂತ್ರವು ಅವನ ಒಪ್ಪಿಗೆಯನ್ನು ಕೇಳುತ್ತಿತ್ತು. ಈ ವಿಷಯವು ಆ ಯಂತ್ರದೊಳಗೇ ಬರೆದಿಟ್ಟಿತ್ತು. ಓದುವ ಬಗೆ ಮಾತ್ರ ಅವನಿಗೆ ತಿಳಿದಿರಲಿಲ್ಲ. ಅದನ್ನು ಮೊದಲ ದಿನವೇ ಕಲಿಸದಿದ್ದುದು ಅಧ್ಯಾಪಕರಾದ ನಮ್ಮ ತಪ್ಪು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯುನಿಕ್ಸ್ ವ್ಯವಸ್ಥೆಯನ್ನು ರಚಿಸತೊಡಗಿದರು. 1971ರ ನವೆಂಬರಿನಲ್ಲಿ ಅದರ ಮೊದಲ ಕೈಪಿಡಿಯು ಸಿದ್ಧವಾಯಿತು. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸಿನಲ್ಲಿಯೂ ಆ ಕೈಪಿಡಿಯ ಪದ್ಧತಿಯು ಉಳಿದುಬಂದಿದೆ. 'ಮ್ಯಾನ್' ಎಂದು ಬರೆದು, ತೆರಪು ಬಿಟ್ಟು, ಆಜ್ಞೆಯ ಹೆಸರನ್ನು ಬರೆದರೆ ಅದರ ಪುಟವು ತೆರೆಯುತ್ತದೆ. ಹೊರಬರಲು 'ಕ್ಯೂ' ಒತ್ತಿದರಾಯಿತು. ಆಜ್ಞೆಯ ಹೆಸರೇ ತಿಳಿಯದಿದ್ದಲ್ಲಿ 'ಮ್ಯಾನ್' ಎಂಬುದರ ಮುಂದೆ ಅಡ್ಡಗೆರೆ, 'ಕೆ' ಮತ್ತು ವಿಷಯದ ಪದವನ್ನಿಟ್ಟು ಹುಡುಕಬಹುದು. ಸಂಕ್ಷೇಪವೇ ಸಾಕೆಂಬವರು ಅನೇಕ ಆಜ್ಞೆಗಳ ಕೊನೆಗೆ ಎರಡು ಅಡ್ಡಗೆರೆಗಳೊಡನೆ 'ಹೆಲ್ಪ್' ಎಂದು ಬರೆಯಬಹುದು.

ಈ ಪುಟಗಳು ಇಂಗ್ಲಿಷಿನಲ್ಲಿವೆ. ನಮ್ಮ ಮಕ್ಕಳಿಗೆ ಹೇಗೆ ತಿಳಿದೀತು? ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಆದರೆ ಇದು ಕಠಿಣ ಭಾಷೆಯಲ್ಲ, ಒಂದು ಚಿಕ್ಕ ವ್ಯಾಕರಣ. ಕನ್ನಡದಲ್ಲಿ 'ಈ ಕಡತವನ್ನು ಕೇಳಿ ಅಳಿಸು' ಎನ್ನುವಾಗ ಕ್ರಿಯಾಪದವು ಕೊನೆಗೆ ಬರುತ್ತದೆ. ಇಲ್ಲಿ ಕ್ರಿಯೆ ಮೊದಲು, ಅದರ ರೀತಿ ಅನಂತರ, ಕರ್ಮವು ಕೊನೆಗೆ: 'ಅಳಿಸು, ಕೇಳಿ, ಈ ಕಡತವನ್ನು'. ಪುಟದಲ್ಲಿ ಚೌಕ ಆವರಣದೊಳಗಿರುವುದು ಐಚ್ಛಿಕವೆಂದು ತಿಳಿದರೆ ಅರ್ಧ ಪುಟವೇ ಅರ್ಥವಾದಂತೆ. ಯಂತ್ರವು ಸುಮ್ಮನಿದ್ದರೆ ಸಾಮಾನ್ಯವಾಗಿ ಕೆಲಸ ನಡೆದಿದೆಯೆಂದೇ ಅರ್ಥ; ಮಾತನಾಡಿದರೆ ಆ ಮಾತನ್ನು ಓದಬೇಕು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕೊಪಣವನ್ನು, ಎಂದರೆ ಇಂದಿನ ಕೊಪ್ಪಳವನ್ನು, ಹೆಸರಿಸಿದೆ. ಅಂತಹ ನಾಡಿನ ವಿದ್ಯಾರ್ಥಿಯು ಭಾಷೆಯ ಕಾರಣದಿಂದ ಯಂತ್ರಕ್ಕೆ ಅಂಜಬೇಕಾದುದು ಉಚಿತವೇ? ಕೇರಳದ ಶಾಲೆಗಳಲ್ಲಿ ಲಿನಕ್ಸನ್ನು ಬಳಸುತ್ತಾರೆ. ಅಲ್ಲಿನ ಕಾಸರಗೋಡಿನ ಮಕ್ಕಳಿಗೆ ಕನ್ನಡದಲ್ಲಿಯೇ ಈ ವಿಷಯದ ಪಠ್ಯಪುಸ್ತಕವಿದೆ. ನಾವೂ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯು ವಾರಕ್ಕೊಂದು ಆಜ್ಞೆಯ ಪುಟವನ್ನು ಓದಿ, ಪರೀಕ್ಷೆಗೆಂದೇ ಮಾಡಿದ ಬೇರೊಂದು ಕೋಶದಲ್ಲಿ ಪ್ರಯೋಗಿಸಿ, ಕಂಡುದನ್ನು ಕನ್ನಡದಲ್ಲಿ ಹತ್ತು ಸಾಲು ಬರೆದಿಡಲಿ. ಮೂವತ್ತು ಮಂದಿಯ ತರಗತಿಯು ಆಜ್ಞೆಗಳನ್ನು ಹಂಚಿಕೊಂಡರೆ ಒಂದೇ ವಾರದಲ್ಲಿ ಮೂವತ್ತು ಪುಟಗಳ ಕನ್ನಡ ಕೈಪಿಡಿಯಾಗುತ್ತದೆ.

ಗುರುಗಳನ್ನಾಗಲಿ ಗೆಳೆಯರನ್ನಾಗಲಿ ಕೇಳಬಾರದೆಂದು ನಮ್ಮ ಅಭಿಪ್ರಾಯವಲ್ಲ. ಪುಟವನ್ನು ಓದಿ ಕೇಳುವವನ ಪ್ರಶ್ನೆಯು ಸ್ಪಷ್ಟವಾಗಿರುತ್ತದೆ. ಅಂತಹ ಪ್ರಶ್ನೆಗೆ ಉತ್ತರವೂ ಬೇಗ ದೊರೆಯುತ್ತದೆ. ಪ್ರಯೋಗಶಾಲೆಯಲ್ಲಿ ಉಪಕರಣವನ್ನು ಅರಿತು ಮುಟ್ಟೆಂದು ನಾವು ಬೋಧಿಸುತ್ತೇವೆ. ಗಣಕಯಂತ್ರವೂ ಒಂದು ಉಪಕರಣವೇ ಅಲ್ಲವೆ?