ಸಾಲಕ್ಕೆ ಚಿತ್ರ ಬೇಕು, ಗುಮ್ಮನಲ್ಲ

ನ್ಯೂಯಾರ್ಕಿನ ಕಟ್ಟಡೋದ್ಯಮಿ ಸೀಮೋರ್ ಡರ್ಸ್ಟ್ 1989ರಲ್ಲಿ ಅಮೆರಿಕದ ಸಾಲದ ಮೊತ್ತ ತೋರಿಸುವ ಫಲಕವೊಂದನ್ನು ಬೀದಿಗೆ ಕಾಣುವಂತೆ ಹಾಕಿಸಿದರು. ಮೇಲೆ ಓಡುವ ಒಟ್ಟು ಸಾಲ, ಕೆಳಗೆ ಪ್ರತಿ ಕುಟುಂಬದ ಪಾಲು. 2008ರಲ್ಲಿ ಸಾಲ 10 ಲಕ್ಷ ಕೋಟಿ ಡಾಲರ್ ದಾಟಿದಾಗ ಜಾಗ ಸಾಲದೆ, ಡಾಲರ್ ಚಿಹ್ನೆ ಇದ್ದಲ್ಲೇ 1 ಕೂರಿಸಬೇಕಾಯಿತು. ಪರಿಣಾಮಕಾರಿ ಚಿತ್ರವೇ, ಆದರೆ ಅರ್ಧಸತ್ಯ. ಕೊಟ್ಟವರು ಯಾರು? ಬ್ಯಾಂಕು, ಪಿಂಚಣಿ ನಿಧಿ, ಬಾಂಡ್ ಕೊಂಡ ಅದೇ ಕುಟುಂಬಗಳೂ ಅವರಲ್ಲಿವೆ. ಫಲಕದಲ್ಲಿ ಅವರ ಸುಳಿವಿಲ್ಲ.

ಹಳೆಯ ಇಂಗ್ಲೆಂಡಿನ ಖಜಾನೆಯ ಲೆಕ್ಕದ ಕೋಲು ಇದಕ್ಕಿಂತ ಜಾಣ. ಕೋಲಿಗೆ ಕಚ್ಚು ಹಾಕಿ ಉದ್ದಕ್ಕೆ ಸೀಳುತ್ತಿದ್ದರು; ಒಂದು ಸೀಳು ಕೊಟ್ಟವನಿಗೆ, ಇನ್ನೊಂದು ಪಡೆದವನಿಗೆ. ಮರದ ಎಳೆ ಎಳೆಯೂ ಕೂಡಿದರೆ ಮಾತ್ರ ಲೆಕ್ಕ ಸರಿ. ಸಾಲವೆಂದರೆ ಇಬ್ಬರ ನಡುವಿನ ನಂಟು ಎಂಬುದು ಓದುಬರಹ ಬಾರದವನಿಗೂ ಕೈಯಲ್ಲೇ ತಿಳಿಯುತ್ತಿತ್ತು. ಕೋಲು ಮೊತ್ತದ ಅಗಾಧತೆ ತೋರಿಸೀತೇ ಎಂದು ಕೇಳಬಹುದು. ತೋರಿಸುತ್ತಿತ್ತು: ಸಾವಿರ ಪೌಂಡಿಗೆ ಅಂಗೈ ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು. ಭಯವಿಲ್ಲದಿದ್ದರೆ ಜನ ಎಚ್ಚರಗೊಳ್ಳುವುದಿಲ್ಲ ಎಂಬ ವಾದವೂ ಇದೆ. ಆದರೆ ಫಲಕವಿದ್ದೂ ಸಾಲ ಒಟ್ಟಿನಲ್ಲಿ ಬೆಳೆದೇ ಬೆಳೆಯಿತು. ಹಾಗಾಗಿ ಬ್ಯಾಂಕ್ ಆ್ಯಪ್‌ಗಳಲ್ಲಿ ಸಾಲಕ್ಕೆ ಚಿಹ್ನೆ ಬರೆಯುವವರು ಸಂಕೋಲೆ, ಕೆಂಪು ಬಾಣಗಳನ್ನು ಬಿಟ್ಟು ಆ ಎರಡು ಸೀಳುಗಳನ್ನೊಮ್ಮೆ ಬರೆದು ನೋಡಲಿ.