ಹಜಾಮ ಎಂಬುದು ಬೈಗುಳವೇ?

ನನ್ನ ಕುತ್ತಿಗೆಯ ವಿಷಯದಿಂದ ಶುರು ಮಾಡುತ್ತೇನೆ, ಓದುಗರು ಸಹಿಸಿಕೊಳ್ಳಬೇಕು. ಗಡ್ಡ ಬಿಟ್ಟವನಾದರೂ ಗಂಟಲಿನ ಕೆಳಭಾಗ ಮತ್ತು ಕೆನ್ನೆಯ ಮೇಲ್ಭಾಗ ಬೋಳಿಸಿ ಗೆರೆ ಸರಿ ಮಾಡಿಕೊಳ್ಳುವುದು ನನ್ನ ರೂಢಿ. ನನ್ನದು ಗುಂಗುರು ಕೂದಲು. ಮೂರು, ಐದು ಬ್ಲೇಡಿನ ರೇಜರುಗಳು ಇಂಥ ಕೂದಲನ್ನು ಎಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತವೆ. ಮತ್ತೆ ಬೆಳೆಯುವಾಗ ಅದು ಹೊರಗೆ ಬರದೆ ಒಳಗೇ ಸುರುಳಿ ಸುತ್ತಿ ಗುಳ್ಳೆಯಾಗುತ್ತದೆ. ಊರಲ್ಲಿ ಹೇಗೋ ನಡೆಯುತ್ತಿತ್ತು. ಆದೋನಿಯ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಮೇಂಟೆನೆನ್ಸ್ ಕೆಲಸಕ್ಕೆ ಬಂದ ಮೇಲೆ ಬಿಸಿಲು, ಬೆವರು, ಗಾಳಿಯಲ್ಲಿ ಹಾರುವ ಹತ್ತಿಯ ದೂಳು ಸೇರಿ ಕುತ್ತಿಗೆಯೆಲ್ಲ ಉರಿಯತೊಡಗಿತು.

ಆದೋನಿ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವ ತನಕ ಇದು ಬಳ್ಳಾರಿ ಜಿಲ್ಲೆಯ ತಾಲೂಕು. ಹಾಗಾಗಿ ಪೇಟೆಯಲ್ಲಿ ತೆಲುಗು, ಕನ್ನಡ, ದಖ್ಖನಿ ಉರ್ದು ಮೂರೂ ನಡೆಯುತ್ತವೆ. ಬ್ಯಾರಿ ಮಾತಾಡಲು ಮಾತ್ರ ಫೋನೇ ಗತಿ. ಇಲ್ಲಿ ಜಾಮಿಯಾ ಮಸೀದಿಯಿಂದ ಸ್ವಲ್ಪ ದೂರದ ಓಣಿಯಲ್ಲಿ ಎರಡು ಕುರ್ಚಿಯ ಒಂದು ಕ್ಷೌರದಂಗಡಿ ಇದೆ. ಯಜಮಾನರಿಗೆ ಎಪ್ಪತ್ತರ ಹತ್ತಿರ, ನಾನು ಚಾಚಾ ಎನ್ನುತ್ತೇನೆ. ನನ್ನ ಕುತ್ತಿಗೆ ನೋಡಿದವರೇ, "ಇಂಜಿನಿಯರ್ ಸಾಬ್, ಕೂದಲು ಎತ್ತ ಬೆಳಿತೈತಿ ಅಂತ ಒಮ್ಮೆನಾದ್ರೂ ಮುಟ್ಟಿ ನೋಡೀರೇನು?" ಎಂದರು. ನೋಡಿರಲಿಲ್ಲ. ನನ್ನ ಗಂಟಲಿನ ಬಲಗಡೆ ಕೂದಲು ಕೆಳಕ್ಕೆ, ಎಡಗಡೆ ಕಿವಿಯ ಕಡೆಗೆ ಅಡ್ಡ ಬೆಳೆಯುತ್ತದೆ. ಹದಿನೈದು ವರ್ಷ ಬೋಳಿಸಿಕೊಂಡವನಿಗೆ ಅದು ತಿಳಿದಿರಲಿಲ್ಲ.

ನಾಲ್ಕೈದು ಸಲ ಅವರ ಕೈಯಲ್ಲಿ ಉಸ್ತ್ರಾದಿಂದ ಬೋಳಿಸಿಕೊಂಡ ಮೇಲೆ ಗುಳ್ಳೆ ಇಳಿಯಿತು. ನನಗೂ ಕಲಿಸಿ ಎಂದೆ. ನಕ್ಕರು. ಕಲಿಸಿದರು. ಅವರ ತಂದೆಯ ಕಾಲದ, ಸಾಣೆಕಲ್ಲಿಗೆ ಹಿಡಿದು ಚರ್ಮದ ಪಟ್ಟಿಗೆ ಉಜ್ಜುವ ಕತ್ತಿ ಈಗ ಡ್ರಾಯರಿನಲ್ಲಿದೆ. ಒಬ್ಬರ ರಕ್ತದ ಕಾಯಿಲೆ ಇನ್ನೊಬ್ಬರಿಗೆ ಹೋಗಬಾರದೆಂದು, ಅರ್ಧ ಮುರಿದ ಹೊಸ ಬ್ಲೇಡನ್ನು ಪ್ರತಿಯೊಬ್ಬರಿಗೂ ಬದಲಿಸಿ ಹಾಕುವ ಉಸ್ತ್ರಾವನ್ನೇ ಅವರು ಬಳಸುತ್ತಾರೆ. ಮೊದಲ ವಾರ ನನಗೆ ಬ್ಲೇಡೇ ಹಾಕಿಕೊಡಲಿಲ್ಲ.

ಕತ್ತಿಯ ಬೆನ್ನಿಗೂ ಚರ್ಮಕ್ಕೂ ಸುಮಾರು 30 ಡಿಗ್ರಿ ಇರಬೇಕು. ಮಲಗಿಸಿದರೆ ಕೂದಲು ಕಿತ್ತು ಬರುತ್ತದೆ, ನಿಲ್ಲಿಸಿದರೆ ಚರ್ಮ ಕೊಯ್ಯುತ್ತದೆ. ಅಲಗನ್ನು ಅದರ ಉದ್ದಕ್ಕೆ ಅಡ್ಡಡ್ಡ ಜಾರಿಸಿದರೆ ಮುಗಿಯಿತು, ಅದು ಗಾಯವೇ. ಇಷ್ಟು ನನಗೆ ಬೇಗ ಹಿಡಿಯಿತು. ಜಿನ್ನಿನ ಚರ್ಮದ ರೋಲರಿಗೆ ಚಾಕು ಕೂರಿಸುವಾಗಲೂ ಕೆಲಸವೆಲ್ಲ ಕೋನ ಮತ್ತು ಒತ್ತಡದ್ದೇ. ಹಿಡಿಯದೇ ಹೋದದ್ದು ಎಡಗೈ. "ಕತ್ತಿ ತನ್ನ ಕೆಲ್ಸ ತಾನು ಮಾಡ್ತೈತಿ. ಎಡಗೈ ಮೇಲೆ ನಿಗಾ ಇಡ್ರಿ" ಎಂದು ಚಾಚಾ ಎಷ್ಟು ಸಲ ಹೇಳಿದರೋ. ಮುಖದಲ್ಲಿ ಕಷ್ಟದ ಜಾಗಗಳೆಲ್ಲ ಉಬ್ಬು ತಗ್ಗಿನವು. ದವಡೆಯ ಅಂಚಿನ ಮೇಲೆ ಕತ್ತಿ ತಿರುಗಿಸಬಾರದು. ಕುತ್ತಿಗೆಯ ಚರ್ಮವನ್ನೇ ಮೇಲೆ ಕೆನ್ನೆಗೆ ಎಳೆದು ಚಪ್ಪಟೆ ಮಾಡಿಕೊಂಡು ಅಲ್ಲಿ ಬೋಳಿಸಬೇಕು. ಗಂಟಲ ಗಂಟಿನ ಮೇಲಂತೂ ಕತ್ತಿ ಹೋಗಲೇಬಾರದು. ಚರ್ಮವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಗಂಟಿನಿಂದ ಆಚೆಗೆ ತಂದು ತೆಗೆಯಬೇಕು. ಮೂಗಿನ ಕೆಳಗೆ ಮೇಲ್ತುಟಿಯನ್ನು ಹಲ್ಲಿನ ಮೇಲೆ ಬಿಗಿಹಿಡಿದು, ಮೂಗಿನ ತುದಿ ಎತ್ತಿ, ಕತ್ತಿಯ ಮೂಲೆಯಿಂದ ಅಕ್ಕಿಕಾಳಿನಷ್ಟೇ ಎಳೆತ. ಕಲಿಯಲು ಮೂರು ತಿಂಗಳು ಬೇಕಾಯಿತು. ಪಟಿಕ ಎಷ್ಟು ಸವೆಯಿತು ಎಂದು ಕೇಳಬೇಡಿ.

ಎಲ್ಲರೂ ಉಸ್ತ್ರಾ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆ ಬಸ್ಸು ಹಿಡಿಯುವವನಿಗೆ ಸಾಮಾನ್ಯ ರೇಜರೇ ಸಾಕು. ನನಗೆ ಹೇಳಬೇಕಾದದ್ದು ಬೇರೆ. ಇಷ್ಟು ನಾಜೂಕಿನ ಕೆಲಸ, ಇನ್ನೊಬ್ಬನ ಗಂಟಲಿನ ಮೇಲೆ ದಿನಕ್ಕೆ ಹತ್ತಾರು ಸಲ ಮಾಡುವ ಮನುಷ್ಯನ ಹೆಸರು ನಮ್ಮ ಬಾಯಲ್ಲಿ ಬೈಗುಳವಾದದ್ದು ಹೇಗೆ?

ನಮ್ಮದು ದಿನಸಿ ಅಂಗಡಿ. ಬಾಪನ ಸಾಲದ ಪುಸ್ತಕದಲ್ಲಿ ಎಲ್ಲರಿಗೂ ಹೆಸರಿತ್ತು. ಒಬ್ಬರಿಗೆ ಮಾತ್ರ 'ಹಜಾಮ' ಎಂದಷ್ಟೇ ಇತ್ತು. ನನ್ನ ತಮ್ಮನ ಅಕೀಕಕ್ಕೆ ಮಗುವಿನ ತಲೆ ಬೋಳಿಸಲು ಅವರೇ ಬಂದಿದ್ದರು. ಏಳು ದಿನದ ಮಗುವಿನ ತಲೆಯ ಮೇಲೆ ಕತ್ತಿ ಆಡಿಸಿದವರಿಗೆ ಜಗಲಿಯ ಮೂಲೆಯಲ್ಲಿ ಬೇರೆಯಾಗಿ ಊಟ ಬಡಿಸಿದ್ದು ನನಗೆ ನೆನಪಿದೆ. ಆಗ ಅದು ಯಾರಿಗೂ ತಪ್ಪೆನಿಸಿರಲಿಲ್ಲ.

ಹಜ್ಜಾಮ್ ಎಂದರೆ ಅರಬಿಯಲ್ಲಿ ಹಿಜಾಮ ಮಾಡುವವನು. ಈಗ ನಮ್ಮವರು ಹಿಜಾಮ ಸೆಂಟರುಗಳಿಗೆ ಮುಂಗಡ ಸಮಯ ಗೊತ್ತುಮಾಡಿ, ಹಣ ಕೊಟ್ಟು, ಬೆನ್ನು ತೋರಿಸಿ ಫೋಟೋ ಹಾಕುತ್ತಾರೆ. ಹಿಜಾಮ ಸುನ್ನತ್, ಹಜಾಮ ಬೈಗುಳ! ಮಲಬಾರಿನಲ್ಲಿ ಒಸ್ಸಾನ್‌ಗಳು ಕ್ಷೌರವನ್ನೂ ಮಾಡುತ್ತಿದ್ದರು, ಗಂಡುಮಕ್ಕಳ ಸುನ್ನತನ್ನೂ ಮಾಡುತ್ತಿದ್ದರು; ಆದರೂ ಅವರೊಂದಿಗೆ ಉಳಿದವರು ಮದುವೆ ಸಂಬಂಧ ಇಟ್ಟುಕೊಳ್ಳುತ್ತಿರಲಿಲ್ಲ. ಈಗ ಸುನ್ನತ್ ಮಾಡುವವರು ಸರ್ಜನ್. ಅವರ ಬಯೋಡಾಟಾ ಬಂದರೆ ನಮ್ಮ ಮನೆಗಳಲ್ಲಿ ಹಬ್ಬ. ಲಂಡನ್ನಿನಲ್ಲೂ 1745ರ ತನಕ ಕ್ಷೌರಿಕರೂ ಸರ್ಜನ್ನರೂ ಒಂದೇ ಸಂಘದಲ್ಲಿದ್ದವರು.

ಆಂಧ್ರದಲ್ಲಿ 2007ರ ಕಾನೂನು ಮುಸ್ಲಿಮರಲ್ಲಿ ಹಿಂದುಳಿದ ಪಂಗಡಗಳನ್ನು ಪಟ್ಟಿ ಮಾಡುವಾಗ ಹಜಾಮ್, ನಾಯಿ, ನವೀದ್ ಎಂದು ಈ ಕಸುಬಿನವರನ್ನು ಹೆಸರಿಸಿತು. ಸರಕಾರಕ್ಕೆ ಕಂಡದ್ದು ನಮಗೆ ಕಾಣುವುದಿಲ್ಲ. "ನಮ್ಮಲ್ಲಿ ಜಾತಿ ಇಲ್ಲ" ಎಂದು ವೇದಿಕೆಯಲ್ಲಿ ಹೇಳಿ, ಮನೆಗೆ ಬಂದು ಮೂಲ ಕೇಳುತ್ತೇವೆ.

ಇದನ್ನು ಬರೆಯುವ ಅರ್ಹತೆ ನನಗೆಷ್ಟಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಡಿಪ್ಲೊಮಾದಲ್ಲಿ ನನ್ನ ಜೊತೆಗಿದ್ದ ಗೆಳೆಯನ ಸಂಬಂಧವನ್ನು ಮಾಮನ ಮಗಳಿಗೆ ತಂದವನು ನಾನೇ. ಓದು, ಕೆಲಸ, ದೀನ್, ಯಾವುದರಲ್ಲೂ ಕೊರತೆ ಇರಲಿಲ್ಲ. ಅವನ ಅಜ್ಜ ಕ್ಷೌರ ಮಾಡುತ್ತಿದ್ದರೆಂದು ಯಾರೋ ಹೇಳಿದರು. "ಹುಡುಗ ಒಳ್ಳೆಯವನೇ, ಆದರೆ..." ಎಂದು ಹಿರಿಯರೊಬ್ಬರು ಮಾತು ನಿಲ್ಲಿಸಿದರು. ಆ 'ಆದರೆ' ಸಾಕಾಯಿತು. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ, ಏನೂ ಹೇಳಲಿಲ್ಲ. ಗೆಳೆಯ ಇವತ್ತಿನವರೆಗೂ ಆ ಮಾತು ಎತ್ತಿಲ್ಲ.

ಕಿತಾಬುಗಳಲ್ಲಿ ಕುಫ್ವ್ ಹೇಳುವಾಗ ಕಸುಬನ್ನೂ ಎಣಿಸಿದ್ದಾರೆ, ಗೊತ್ತು. ಆದರೆ ಹುಡುಗಿಯೂ ಅವಳ ವಲೀಯೂ ಒಪ್ಪಿದರೆ ನಿಕಾಹಿಗೆ ಅದು ಅಡ್ಡಿಯಲ್ಲ ಎಂಬುದೂ ಅಲ್ಲೇ ಇದೆ. ಹಿಜಾಮದ ಕಸುಬಿನ ಅಬೂ ಹಿಂದ್ ಅವರಿಗೆ ಹೆಣ್ಣು ಕೊಡಿ, ಅವರಿಂದ ತನ್ನಿ ಎಂದು ಬನೂ ಬಯಾಝಾದವರಿಗೆ ಪ್ರವಾದಿಯವರು ﷺ ಹೇಳಿದ್ದು ಅಬೂದಾವೂದರ ಸಂಗ್ರಹದಲ್ಲಿದೆ. ನಮ್ಮ ಮದುವೆ ಮಾತುಕತೆಗಳಲ್ಲಿ ಇದನ್ನು ಯಾರೂ ಓದಿ ಹೇಳಿದ್ದನ್ನು ನಾನು ಕೇಳಿಲ್ಲ.

ಕಳೆದ ವರ್ಷ ಬಾಪ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮಲಗಿದಲ್ಲೇ ಇದ್ದರು. ಮೀಸೆಯೂ ಕುತ್ತಿಗೆಯ ಕೂದಲೂ ಬೆಳೆದು ಅವರಿಗೆ ಕಿರಿಕಿರಿ. ರಜೆಯಲ್ಲಿ ಹೋದವನು ಬಿಸಿನೀರಿನ ಬಟ್ಟೆ ಇಟ್ಟು, ಉಸ್ತ್ರಾ ತೆಗೆದೆ. ಉಮ್ಮ ಬಿಸ್ಮಿ ಹೇಳಿ ಬಾಗಿಲಲ್ಲಿ ನಿಂತರು. ಮುದಿ ಚರ್ಮ ಸಡಿಲ. ಎಡಗೈಗೇ ಎಲ್ಲ ಕೆಲಸ. ಗಂಟಲ ಗಂಟು ಸರಿಸುವಾಗ ಬಾಪ ಕಣ್ಣು ಮುಚ್ಚಿಕೊಂಡರು. ಒಂದು ಹನಿ ರಕ್ತ ಬರಲಿಲ್ಲ.

ಮುಗಿದ ಮೇಲೆ ಕೈಯಿಂದ ಸವರಿಕೊಂಡು, ಯಾರು ಕಲಿಸಿದ್ದು ಎಂದು ಕೇಳಿದರು. ಆದೋನಿಯ ಹಜಾಮ್ ಚಾಚಾ ಎಂದೆ.

"ಹೆಸರಿಲ್ಲವಾ ಅವರಿಗೆ?"

ಹೆಸರು ಹೇಳಿದೆ.

ಮಾಮನ ಎರಡನೇ ಮಗಳಿಗೆ ಈಗ ಹುಡುಗನನ್ನು ನೋಡುತ್ತಿದ್ದಾರೆ. ಮಾಮ ಇದನ್ನು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಈ ಸಲ ಚಹಾದ ತಟ್ಟೆ ಬೇರೆ ಯಾರಾದರೂ ಹಿಡಿಯಲಿ, ನಾನು ಕುಳಿತು ಮಾತಾಡುವವನಿದ್ದೇನೆ.